ಸಾರುವವನು ಮತ್ತು ಸಂವಹನಶಾಸ್ತ್ರ

ಕರಿಹಲಗೆಯ ಮೇಲೆ ನಾಲ್ಕು ಚೌಕ, ನಡುವೆ ಮೂರು ಬಾಣ. ಮೊದಲ ಚೌಕದಲ್ಲಿ ಹೇಳುವವನು, ಎರಡನೆಯದರಲ್ಲಿ ಹೇಳಿದ ಮಾತು, ಮೂರನೆಯದರಲ್ಲಿ ಅದನ್ನು ಹೊತ್ತೊಯ್ಯುವ ಮಾಧ್ಯಮ, ಕೊನೆಯದರಲ್ಲಿ ಕೇಳುವವನು. ಸಮೂಹ ಸಂವಹನದ ಸ್ನಾತಕೋತ್ತರ ತರಗತಿಗೆ ಸೇರಿದ ಮೊದಲ ವಾರವೇ ಈ ಚಿತ್ರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ತೊಂಬತ್ತರ ದಶಕದ ಆರಂಭ ಅದು. ನಿಮ್ಮ ನಿಮ್ಮ ಊರಿನಿಂದ ಮಾಧ್ಯಮಕ್ಕೆ ಒಂದೊಂದು ಉದಾಹರಣೆ ಕೊಡಿ ಅಂದರು ಮೇಷ್ಟ್ರು. ಒಬ್ಬ ರೇಡಿಯೋ ಅಂದ, ಇನ್ನೊಬ್ಬಳು ಪಂಚಾಯ್ತಿಯ ನೋಟೀಸ್ ಬೋರ್ಡು ಅಂದಳು. ನನ್ನ ಸರದಿ ಬಂದಾಗ ಮೂರನೇ ಚೌಕದ ಕಡೆ ಕೈ ತೋರಿಸಿ, "ಅದು ನಮ್ಮ ತಾತ ಸಾರ್" ಅಂದೆ. ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಒಳ್ಳೆಯ ಮನುಷ್ಯ, ಕುಹಕದ ನಗೆಯೇನೂ ಆಗಿರಲಿಲ್ಲ. "ಚಾನೆಲ್ ಅಂದ್ರೆ ವ್ಯಕ್ತಿ ಅಲ್ಲಪ್ಪ, ವಾಹಕ" ಅಂದರು. ನಾನು ಕೂತೆ. ವಾಹಕ ಎಂಬ ಆ ಮಾತು ಮೂವತ್ತು ವರ್ಷ ಕಳೆದರೂ ನನ್ನನ್ನು ಬಿಟ್ಟಿಲ್ಲ.

ದಲಿತ ವಿಮರ್ಶೆಯ ಸಂಚಿಕೆಗೆ ಕಥೆ, ಕಾವ್ಯ ಬಿಟ್ಟು ಇದನ್ನೇಕೆ ಬರೀತೀಯ ಎಂದು ಗೆಳೆಯರೊಬ್ಬರು ಕೇಳಿದರು. ನಮ್ಮ ವಿಮರ್ಶೆ ಪುಸ್ತಕವಾದ ಮೇಲಿನ ಮಾತನ್ನು ಸಾಕಷ್ಟು ನೋಡಿದೆ. ಪುಸ್ತಕಕ್ಕೆ ಮೊದಲು ಮಾತನ್ನು ಹೊತ್ತು ತಿರುಗಿದವರು ಯಾರು, ಅವರ ಬಾಯಲ್ಲಿ ಯಾರ ಮಾತಿತ್ತು ಎಂಬುದನ್ನು ಅಷ್ಟಾಗಿ ನೋಡಿಲ್ಲ. ನನಗೆ ಗೊತ್ತಿರುವ ದಾರಿ ಇದು, ಇದರಲ್ಲೇ ಹೋಗುತ್ತೇನೆ.

ತಾತ ಊರ್ಡಿಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ತೋಟಿಯಾಗಿದ್ದ. ದೇವರಾಯನದುರ್ಗದ ಬೆಟ್ಟ ಎದ್ದು ನಿಂತರೆ ಕಾಣುವ ಊರು. ಊರಲ್ಲಿ ಉಳ್ಳವರು ಯಾರಾದರೂ ಸತ್ತರೆ ನೆಂಟರಿಗೆ ಸುದ್ದಿ ಮುಟ್ಟಿಸುವುದು ಅವನ ಪಾಲಿನ ಕೆಲಸ. ಬಸ್ಸು ಅಪರೂಪ, ಫೋನಿನ ಮಾತೇ ಇಲ್ಲ. ಗುಬ್ಬಿ ಕಡೆಗಾದರೆ ಒಂದು ದಿಕ್ಕು, ಗೂಳೂರು, ಹೆಬ್ಬೂರು ದಾಟಿ ಕುಣಿಗಲ್ ಸೀಮೆಗಾದರೆ ಇನ್ನೊಂದು ದಿಕ್ಕು. ರಾತ್ರಿಯಾದರೆ ರಾತ್ರಿ, ಮಳೆಯಾದರೆ ಮಳೆ, ನಡೆಯಬೇಕು. ಹೆಣ ಎತ್ತುವುದರೊಳಗೆ ನೆಂಟರು ಬಂದು ಸೇರಬೇಕಾದರೆ ಅವನ ಕಾಲು ಓಡಬೇಕು. ಹೋದ ಊರಲ್ಲಿ ಮನೆ ಬಾಗಿಲಿಗೆ ಹೋಗುವಂತಿಲ್ಲ, ಬೀದಿಯ ತುದಿಯಲ್ಲಿ ನಿಂತು ಕೂಗಬೇಕು. "ಬುದ್ಧೀ, ದುರ್ಗದ ಕಡೆಯಿಂದ ಬಂದಿವ್ನಿ, ನಿಮ್ಮೋರು ಶಿವನ ಪಾದ ಸೇರ್ಕಂಡ್ರು." ಒಳಗಿನಿಂದ ಅಳು ಕೇಳಿಸುತ್ತಿತ್ತು. ಅಳು ಇಳಿದ ಮೇಲೆ ಯಾರಾದರೂ ಹೊರಗೆ ಬಂದು ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದರು, ಪಂಚೆಯ ಸೆರಗಿಗೆ ಒಂದಿಷ್ಟು ರಾಗಿ ಸುರಿಯುತ್ತಿದ್ದರು. ಸುದ್ದಿ ಯಾವ ಮೈಲಿಗೆಯೂ ಇಲ್ಲದೆ ನಡುಮನೆವರೆಗೆ ಹೋಗುತ್ತಿತ್ತು, ಸುದ್ದಿ ತಂದವನು ಬೀದಿಯ ತುದಿಯಲ್ಲೇ ನಿಲ್ಲುತ್ತಿದ್ದ.

ಡಂಗುರದ ಕೆಲಸ ಬೇರೆ. ಕಂದಾಯ ಕಟ್ಟುವ ಗಡುವು, ಕೆರೆ ತೂಬು ಎತ್ತುವ ದಿನ, ಜಾತ್ರೆ, ಅಮಲ್ದಾರರು ಬರುವ ಹೊತ್ತು, ಎಲ್ಲವನ್ನೂ ಪಟೇಲರು ಬಾಯಲ್ಲಿ ಹೇಳೋರು. ಓದು ಬಾರದ ತಾತ ಅದನ್ನು ಹೇಳಿದ ಹಾಗೇ ನೆನಪಿಟ್ಟುಕೊಂಡು ಬೀದಿ ಬೀದಿಯಲ್ಲಿ ತಮಟೆ ಬಡಿದು ಸಾರಬೇಕು. ಒಂದು ಮಾತು ಹೆಚ್ಚುಕಡಿಮೆಯಾದರೆ ಬೈಗುಳ, ಕೆಲವೊಮ್ಮೆ ಏಟು. ಮುದುಕನಾದ ಮೇಲೆ ಒಮ್ಮೆ ಹೇಳಿದ್ದ, "ಊರಿನ ಸುದ್ದೀನೆಲ್ಲಾ ನಾನೇ ಹೇಳ್ದೆ ಕಣ್ಲಾ, ನಂದು ಅಂತ ಒಂದು ಸುದ್ದಿ ಇರ್ನಿಲ್ಲ." ಅವನ ದೊಡ್ಡ ಮಗಳು ಸತ್ತಾಗ ಸುದ್ದಿ ಒಯ್ಯೋಕೆ ಯಾರೂ ಇರಲಿಲ್ಲವಂತೆ. ತಾನೇ ಹೋಗಿ ತನ್ನ ನೆಂಟರಿಗೆ ಹೇಳಿ ಬಂದ.

ಇದೇನೂ ನಮ್ಮೂರೊಂದರ ವಿಶೇಷವಲ್ಲ. ಹಳೇ ಮೈಸೂರು ಸೀಮೆಯಲ್ಲಿ ಹನ್ನೆರಡು ಆಯಗಾರರು ಎಂಬ ವ್ಯವಸ್ಥೆಯಿತ್ತು. ಶಾನುಭೋಗ, ಪಟೇಲ ಮೊದಲುಗೊಂಡು ತಳವಾರ, ತೋಟಿ, ನೀರುಗಂಟಿವರೆಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಅದಕ್ಕೆ ಸುಗ್ಗಿಯಲ್ಲಿ ಆಯ, ಕೆಲವರಿಗೆ ಇನಾಂ ಜಮೀನು. ಶಾನುಭೋಗನಿಗೆ ಲೆಕ್ಕದ ಪುಸ್ತಕ ಇತ್ತು, ತೋಟಿಗೆ ಗಂಟಲು. ಬರಹ ಒಂದು ಜಾತಿಗೆ, ಕೂಗು ಇನ್ನೊಂದು ಜಾತಿಗೆ ಎಂಬ ಈ ಹಂಚಿಕೆಯನ್ನು ಯಾವ ಸಂವಹನಶಾಸ್ತ್ರದ ಪುಸ್ತಕದಲ್ಲೂ ನಾನು ಓದಲಿಲ್ಲ. ನಮ್ಮ ನಮ್ಮಲ್ಲೂ ಭೇದ ಇತ್ತು, ಅದನ್ನು ಮುಚ್ಚಿಡಬಾರದು. ಬಹಳ ಕಡೆ ತೋಟಿಕೆ ಹೊಲೆಯರದು, ತಮಟೆ ಮಾದಿಗರದು. ಚಲವಾದಿ ಹಿಡಿಯುತ್ತಿದ್ದ ಗಂಟೆ ಬಟ್ಟಲಿಗೆ ಇದ್ದ ಮರ್ಯಾದೆ ಚರ್ಮದ ತಮಟೆಗೆ ಇರಲಿಲ್ಲ. ಊರಿಂದೂರಿಗೆ ಇದು ಬದಲಾಗುತ್ತಿತ್ತು. ನಮ್ಮೂರಲ್ಲಿ ಎರಡೂ ಒಂದೇ ಮನೆಗೆ ಬಿದ್ದಿದ್ದವು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಈ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಹುದ್ದೆ ಹೋಯಿತು, ಸಾವಿನ ಸುದ್ದಿ ಒಯ್ಯುವುದು ಹೋಗಲಿಲ್ಲ. ಕಾನೂನು ಬಂದ ಮೇಲೂ ಬಹಳ ವರ್ಷ ತಾತ ನಡೆಯುತ್ತಲೇ ಇದ್ದ.

ಈಗ ಆ ನಾಲ್ಕು ಚೌಕಗಳಿಗೆ ಬರೋಣ. ಯಾರು, ಏನನ್ನು, ಯಾವುದರ ಮೂಲಕ, ಯಾರಿಗೆ, ಯಾವ ಪರಿಣಾಮದೊಡನೆ ಹೇಳುತ್ತಾರೆ ಎಂಬ ಪ್ರಶ್ನೆಯನ್ನು ಅಮೆರಿಕದ ಹೆರಾಲ್ಡ್ ಲ್ಯಾಸ್‌ವೆಲ್ ಸೂತ್ರವಾಗಿ ಬರೆದದ್ದು 1948ರಲ್ಲಿ. ಅದೇ ವರ್ಷ ಬೆಲ್ ಟೆಲಿಫೋನ್ ಪ್ರಯೋಗಾಲಯದ ಎಂಜಿನಿಯರ್ ಕ್ಲಾಡ್ ಶಾನನ್, ತಂತಿಯಲ್ಲಿ ಸಂಕೇತ ಹೋಗುವಾಗ ಎಷ್ಟು ಉಳಿಯುತ್ತದೆ, ಎಷ್ಟು ಗದ್ದಲದಲ್ಲಿ ಕಳೆದುಹೋಗುತ್ತದೆ ಎಂಬ ಲೆಕ್ಕವನ್ನು ಪ್ರಕಟಿಸಿದ. ಟೆಲಿಫೋನ್ ಕಂಪನಿಗೆ ಬೇಕಾದ ಲೆಕ್ಕ ಅದು, ಆ ಕೆಲಸಕ್ಕೆ ಸರಿಯಾಗಿಯೇ ಇತ್ತು. ತಂತಿಗೆ ಹಸಿವಾಗುವುದಿಲ್ಲ, ತಂತಿಯನ್ನು ಯಾರೂ ಬೀದಿಯ ತುದಿಯಲ್ಲಿ ನಿಲ್ಲಿಸುವುದಿಲ್ಲ. ಆ ಚಿತ್ರ ಹಾಗ್ಹಾಗೇ ಹಡಗು ಹತ್ತಿ ನಮ್ಮ ವಿಶ್ವವಿದ್ಯಾಲಯಗಳಿಗೆ ಬಂದು, ಮನುಷ್ಯರೇ ತಂತಿಯಾಗಿದ್ದ ದೇಶದಲ್ಲಿ ಪರೀಕ್ಷೆಯ ಪ್ರಶ್ನೆಯಾಯಿತು. ನನ್ನ ತಕರಾರು ಇಷ್ಟೇ.

ಬಂದ ದಾರಿಯನ್ನೂ ನೋಡಬೇಕು. ಕರ್ನಾಟಕದಲ್ಲಿ ಪತ್ರಿಕೋದ್ಯಮ ಕಾಲೇಜಿನ ಪಾಠವಾದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಅದನ್ನು ಕಟ್ಟಿದವರು ಅಮೆರಿಕದ ಮಿಸೌರಿಯಲ್ಲಿ ಓದಿ ಬಂದಿದ್ದ ನಾಡಿಗ ಕೃಷ್ಣಮೂರ್ತಿಯವರು. ಪತ್ರಿಕೆಯ ಕೆಲಸವನ್ನು ಕಾಲೇಜಿನಲ್ಲಿ ಕಲಿಸುವುದೆಂದರೆ ಜನ ನಗುತ್ತಿದ್ದ ಕಾಲದಲ್ಲಿ ಅವರು ಅದನ್ನು ಹಟ ಹಿಡಿದು ಬೆಳೆಸಿದರು. ಭಾರತೀಯ ಪತ್ರಿಕೋದ್ಯಮದ ಚರಿತ್ರೆಯನ್ನು ಕುರಿತ ಅವರ ದೊಡ್ಡ ಇಂಗ್ಲಿಷ್ ಗ್ರಂಥ 1966ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದಲೇ ಬಂತು. ಎಪ್ಪತ್ತರ ದಶಕದಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ಸ್ನಾತಕೋತ್ತರ ಪಾಠವೂ ಶುರುವಾಯಿತು. ಇವತ್ತು ಕನ್ನಡದಲ್ಲಿ ಪತ್ರಿಕೋದ್ಯಮ ಓದಿದ ಯಾರೂ ಆ ಋಣದಿಂದ ಹೊರಗಿಲ್ಲ, ನಾನೂ ಇಲ್ಲ. ಆದರೆ ಮಿಸೌರಿಯ ಆ ಶಾಲೆಗೆ ಇನ್ನೊಂದು ಚರಿತ್ರೆ ಇದೆ. ಅದನ್ನು ನಮಗೆ ಯಾರೂ ಹೇಳಲಿಲ್ಲ.

1908ರಲ್ಲಿ ಶುರುವಾದ ಅದು ಅಮೆರಿಕದ ಮೊದಲ ಪತ್ರಿಕೋದ್ಯಮ ಶಾಲೆ. 1939ರಲ್ಲಿ ಲೂಸಿಲ್ ಬ್ಲೂಫೋರ್ಡ್ ಎಂಬ ಹೆಣ್ಣುಮಗಳು ಅಲ್ಲಿನ ಸ್ನಾತಕೋತ್ತರ ತರಗತಿಗೆ ಅಂಚೆಯಲ್ಲಿ ಅರ್ಜಿ ಹಾಕಿದಳು. ಆಗಲೇ ಕ್ಯಾನ್ಸಸ್ ಸಿಟಿಯಲ್ಲಿ ಕರಿಯರು ನಡೆಸುತ್ತಿದ್ದ 'ದಿ ಕಾಲ್' ಪತ್ರಿಕೆಯಲ್ಲಿ ಕೆಲಸ ಮಾಡಿ ಪಳಗಿದ್ದವಳು. ಕಾಗದದ ಮೇಲೆ ಬಣ್ಣ ಕಾಣುವುದಿಲ್ಲವಲ್ಲ, ಸೀಟು ಸಿಕ್ಕಿತು. ಹೆಸರು ಬರೆಸಲು ಹೋದಾಗ ಮೈಬಣ್ಣ ಕಂಡು ವಾಪಸು ಕಳಿಸಿದರು. ಅವಳು ಹನ್ನೊಂದು ಸಲ ಅರ್ಜಿ ಹಾಕಿದಳು, ಕೋರ್ಟಿಗೆ ಹೋದಳು. ಕೇಸು ಅವಳ ಕಡೆ ವಾಲುವ ಹೊತ್ತಿಗೆ ಶಾಲೆ ಸ್ನಾತಕೋತ್ತರ ವಿಭಾಗವನ್ನೇ ಮುಚ್ಚಿತು. ಕೊಟ್ಟ ಕಾರಣ, ಯುದ್ಧದ ಕಾಲ, ಓದುವವರೂ ಕಲಿಸುವವರೂ ಇಲ್ಲ. ಕೇರಿಯವರು ನೀರು ಮುಟ್ಟಿಯಾರೆಂದು ಬಾವಿಯನ್ನೇ ಮುಚ್ಚಿದ ಊರುಗಳ ಕಥೆ ನಮಗೆ ಹೊಸದೇ? ಮಿಸೌರಿ ವಿಶ್ವವಿದ್ಯಾಲಯದೊಳಕ್ಕೆ ಕರಿಯ ವಿದ್ಯಾರ್ಥಿಗಳು ಕಾಲಿಟ್ಟದ್ದು 1950ರಲ್ಲಿ, ಮೈಸೂರಿನಲ್ಲಿ ಪಾಠ ಶುರುವಾಗುವುದಕ್ಕೆ ಒಂದು ವರ್ಷ ಮೊದಲು. ಬ್ಲೂಫೋರ್ಡಳಿಗೆ ಅದೇ ವಿಶ್ವವಿದ್ಯಾಲಯ 1989ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟು ಹೊತ್ತಿಗೆ ಅವಳು ಅರ್ಧ ಶತಮಾನ ಪತ್ರಿಕೆ ನಡೆಸಿ ಮುಗಿಸಿದ್ದಳು. ನಮಗೆ ಬಂದ ಪಠ್ಯದಲ್ಲಿ ಮಿಸೌರಿಯ ನೀತಿಸಂಹಿತೆ ಇತ್ತು, ತಲೆಬರಹ ಬರೆಯುವ ಪಾಠ ಇತ್ತು. ಅವಳಿರಲಿಲ್ಲ.

ಇನ್ನೊಬ್ಬರಿದ್ದರು, ಅವರೂ ಪಠ್ಯದಲ್ಲಿ ಇರಲಿಲ್ಲ. ಪುಲಿಟ್ಜರ್ ಬಿಟ್ಟುಹೋದ ಹಣದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಶಾಲೆ ತೆರೆದದ್ದು 1912ರಲ್ಲಿ. ಮರುವರ್ಷ ಅದೇ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರ ಓದಲು ಬಂದರು ಭೀಮರಾವ್ ಅಂಬೇಡ್ಕರ್. ಪತ್ರಿಕೋದ್ಯಮವನ್ನು ಅವರು ತರಗತಿಯಲ್ಲಿ ಕಲಿಯಲಿಲ್ಲ, 1920ರ ಜನವರಿ 31ರಂದು 'ಮೂಕನಾಯಕ' ತೆಗೆದು ಕಲಿತರು. ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿ ಬಂಡವಾಳ. ಹೊಸ ಪತ್ರಿಕೆಯ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ 'ಕೇಸರಿ' ಹಾಕಲಿಲ್ಲ. ಆಮೇಲೆ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'. ಹೆಸರುಗಳನ್ನು ಸಾಲಾಗಿ ಓದಿದರೆ ಸಾಕು, ಮೂಕರಿಂದ ಹೊರಟು ಬುದ್ಧನವರೆಗಿನ ನಡಿಗೆ ಕಾಣುತ್ತದೆ. ಅದಕ್ಕೂ ಮೊದಲು ಮದ್ರಾಸಿನಲ್ಲಿ ಅಯೋಧ್ಯಾ ದಾಸರು 1907ರಲ್ಲಿ ಶುರು ಮಾಡಿದ 'ತಮಿಳನ್' ಇತ್ತು. ಅದು ಮುಂದೆ ಇಪ್ಪತ್ತರ ದಶಕದಲ್ಲಿ ಮತ್ತೆ ಜೀವ ಪಡೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಗಣಿ ಕಾರ್ಮಿಕರ ನಡುವೆ. ಕರ್ನಾಟಕದ ಪತ್ರಿಕೋದ್ಯಮದ ಚರಿತ್ರೆ ಎಂದು ನಾವು ಓದಿದ್ದು 1843ರ 'ಮಂಗಳೂರು ಸಮಾಚಾರ'ದಿಂದ, ಮೋಗ್ಲಿಂಗ್ ಸಾಹೇಬರಿಂದ ಶುರುವಾಗುತ್ತಿತ್ತು. ಪೀಠಿಕೆಯಾಗಿ ಅಶೋಕನ ಶಾಸನಗಳು, ಚಾಣಕ್ಯನ ಗೂಢಚಾರರು. ಕಲ್ಲಿಗೂ ಗೂಢಚಾರನಿಗೂ ಜಾಗ ಕೊಟ್ಟ ಚರಿತ್ರೆಯಲ್ಲಿ ತೋಟಿಗೆ ಅರ್ಧ ಸಾಲು ಸಿಗಲಿಲ್ಲ.

ಬಾಗಿಲು ಕಾಯುವವನ ಪಾಠ ಒಂದಿತ್ತು. 1950ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಪಂಡಿತ ಅಮೆರಿಕದ ಒಂದು ಸಣ್ಣ ಪತ್ರಿಕೆಯ ಸುದ್ದಿ ಸಂಪಾದಕ ತನಗೆ ಬಂದ ತಂತಿ ಸುದ್ದಿಗಳಲ್ಲಿ ಯಾವುದನ್ನು ಒಳಗೆ ಬಿಟ್ಟ, ಯಾವುದನ್ನು ಬುಟ್ಟಿಗೆ ಹಾಕಿದ ಅಂತ ಲೆಕ್ಕ ಹಾಕಿದ. ಬಾಗಿಲು ಕಾಯುವವನೆಂದರೆ ನಮಗೆ ಗುಡಿಯ ನೆನಪಾಗುತ್ತೆ, ಇರಲಿ. ಈ ಪಾಠಕ್ಕೆ ಕನ್ನಡದ ಉದಾಹರಣೆ ಬೇಕಿದ್ದರೆ ಮೈಸೂರಿನ ತರಗತಿಯ ಕಿಟಕಿಯಾಚೆಯೇ ಇತ್ತು. 1973ರ ನವೆಂಬರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಮಾತಾಡಿದರು. ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕು, ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂಬ ಅರ್ಥದ ಮಾತು. ಭಾಷಣ ಎಷ್ಟುದ್ದ ಇತ್ತೋ, ಅದರಲ್ಲಿ ಏನೇನು ಇತ್ತೋ, ಬಾಗಿಲು ದಾಟಿ ಬಂದದ್ದು ಒಂದೇ ಪದ. ಆ ಪದ ಬೀದಿಗೆ ಬಂತು. ಮೆರವಣಿಗೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಬೂಸಾ ತಿಂದ ಹಸು ಹಾಲಾದರೂ ಕೊಡುತ್ತೆ, ಮಂತ್ರಿಗಳು ಸಾಹಿತ್ಯವನ್ನು ಸ್ವಲ್ಪ ಹೊಗಳಿಬಿಟ್ಟರೇನೋ ಎಂದು ನಮ್ಮ ಕೇರಿಯ ಹಿರಿಯರೊಬ್ಬರು ನಗುತ್ತಿದ್ದರು.

ದಲಿತ ವಿಮರ್ಶೆಯ ಚರಿತ್ರೆ ಬರೆಯುವವರು ಬೂಸಾವನ್ನು ಮೊದಲ ವಿಮರ್ಶಾ ವಾಕ್ಯ ಎಂದು ಗುರುತಿಸುವುದುಂಟು. ಅದು ಸರಿಯೇ. ನಾನು ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ತೋಟಿಯ ಬಾಯಿ ಮೊದಲ ಸಲ ಪಟೇಲನ ಮಾತು ಬಿಟ್ಟು ತನ್ನ ಮಾತನ್ನು ಸಾರಿದಾಗ ಊರು ಹೇಗೆ ನಡೆದುಕೊಳ್ಳುತ್ತದೆ ಎಂಬುದರ ದಾಖಲೆಯೂ ಅದೇ. ಕನ್ನಡ ಪತ್ರಿಕೋದ್ಯಮದ ಅಷ್ಟು ದೊಡ್ಡ ಘಟನೆ ನನ್ನ ಎರಡು ವರ್ಷದ ಪಠ್ಯದಲ್ಲಿ ಒಂದು ಪ್ರಶ್ನೆಯಾಗಿಯೂ ಬರಲಿಲ್ಲ. ಆ ಪಾಠವನ್ನು ಹೊರಗೆ ಕಲಿಸಿದವರು ಬೇರೆಯವರು. ಬೂಸಾ ಗಲಾಟೆಯ ಬೆನ್ನಿಗೆ ಕಟ್ಟಿಕೊಂಡ ದಲಿತ ಸಂಘರ್ಷ ಸಮಿತಿ, ಅದರೊಡನೆ ಬೆಳೆದ 'ಪಂಚಮ', 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', 1980ರಿಂದ 'ಲಂಕೇಶ್ ಪತ್ರಿಕೆ', ಇಂದೂಧರ ಹೊನ್ನಾಪುರರ 'ಸುದ್ದಿ ಸಂಗಾತಿ'. ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಚಳವಳಿ ಕಟ್ಟಿದ ಕವಿ ಕೆ.ಬಿ. ಸಿದ್ದಯ್ಯನವರು ನಮ್ಮ ಕಡೆ ಹುಡುಗರಿಗೆ ಒಂದು ವಿಶ್ವವಿದ್ಯಾಲಯವೇ ಆಗಿದ್ದರು. 2019ರಲ್ಲಿ ಅವರು ತೀರಿಕೊಂಡಾಗ ಆ ಸುದ್ದಿ ಒಯ್ಯಲು ಯಾರನ್ನೂ ಕಳಿಸಬೇಕಾಗಲಿಲ್ಲ.

ಇನ್ನು ಮಾತಿನ ಪಾಠ. ಅಮೆರಿಕದಲ್ಲಿ ಭಾಷಣಕಲೆಯ ಮೇಷ್ಟ್ರುಗಳು 1914ರಲ್ಲಿ ಇಂಗ್ಲಿಷ್ ಸಾಹಿತ್ಯದವರಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿದರು. ಮಾತಾಡುವುದೇ ಅಲ್ಲಿ ಒಂದು ವಿಭಾಗವಾಯಿತು, ಪದವಿಯಾಯಿತು. ನಾವು ಪತ್ರಿಕೆಯ ಅರ್ಧವನ್ನು ಆಮದು ಮಾಡಿಕೊಂಡು ಮಾತಿನ ಅರ್ಧವನ್ನು ಹರಿಕಥೆಯವರಿಗೆ, ನಾಟಕದ ಮೇಷ್ಟ್ರಿಗೆ ಬಿಟ್ಟೆವು. ಗುಬ್ಬಿ ನಮಗೆ ಪಕ್ಕದ ತಾಲ್ಲೂಕು. 1884ರಲ್ಲಿ ಅಲ್ಲಿ ಹುಟ್ಟಿದ ಕಂಪನಿ ಕನ್ನಡಕ್ಕೆ ರಂಗದ ಮಾತು ಕಲಿಸಿತು. ಅದರ ಗಾಳಿ ಹಳ್ಳಿ ಹಳ್ಳಿಯ 'ಕುರುಕ್ಷೇತ್ರ' ನಾಟಕಗಳಿಗೂ ಬೀಸಿತು. ನಮ್ಮ ಕೇರಿಯಲ್ಲೂ ಒಂದು ವರ್ಷ ಆಡಿದರು. ಹಾರ್ಮೋನಿಯಂ ಮೇಷ್ಟ್ರು ಗುಬ್ಬಿ ಕಡೆಯವರು. ನಮ್ಮಪ್ಪ ದುರ್ಯೋಧನ. ನಮ್ಮ ಬಾಯಲ್ಲಿ ಹಳ್ಳಿ ಅಳ್ಳಿಯಾಗುತ್ತೆ, ಹಾಲು ಆಲಾಗುತ್ತೆ. ಅಪ್ಪನ ಹಸ್ತಿನಾಪುರ ಮೂರು ತಿಂಗಳು ಅಸ್ತಿನಾಪುರವಾಗಿಯೇ ಇತ್ತು. ಮೇಷ್ಟ್ರು ಬೆತ್ತದಲ್ಲಿ ಮೇಜು ಕುಟ್ಟಿ ಕುಟ್ಟಿ ಹಕಾರ ಹೊರಡಿಸಿದರು. ನಾಟಕದ ರಾತ್ರಿ ಕಿರೀಟ, ಗದೆ, ಬಾಡಿಗೆ ಸಿಂಹಾಸನ. ಊರ ಗೌಡರು ಬಂದು ಮುಂದಿನ ಕುರ್ಚಿಯಲ್ಲಿ ಕೂತು ನೋಡಿ ಹೋದರಂತೆ. ಬೆಳಿಗ್ಗೆ ಅಪ್ಪ ಮುಖದ ಬಣ್ಣ ಪೂರ್ತಿ ಹೋಗದೆಯೇ ಅವರ ಹೊಲಕ್ಕೆ ಕೂಲಿಗೆ ಹೋದ. "ಏನ್ಲಾ ದುರ್ಯೋದ್ನ, ಲೇಟು" ಅಂದರಂತೆ ಗೌಡರು. ಅಪ್ಪ ಇದನ್ನು ಹೇಳಿಕೊಂಡು ನಗುತ್ತಿದ್ದ. ನಮ್ಮವ್ವ ಒಂದು ದಿನವೂ ನಗಲಿಲ್ಲ.

ಆ ಹಕಾರ ನನ್ನ ಉಪಯೋಗಕ್ಕೆ ಬಂತು. ನಮ್ಮ ಕೋರ್ಸಿನಲ್ಲಿ ರೇಡಿಯೋ ಪಾಠಕ್ಕೆ ಧ್ವನಿ ಪರೀಕ್ಷೆ ಇತ್ತು. ಅಪ್ಪ ಕಲಿಸಿದ್ದರಿಂದ ಹಕಾರ ತಪ್ಪಲಿಲ್ಲ, ಶಕಾರ ಷಕಾರ ಹೇಗೋ ನಿಭಾಯಿಸಿದೆ. ಆದರೂ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, "ಉಚ್ಚಾರ ಸರಿಯಿದೆ, ಧ್ವನಿಯಲ್ಲಿ ಸ್ವಲ್ಪ ಹಳ್ಳಿ ವಾಸನೆ ಇದೆ" ಎಂದು ಬರೆದರು. ಧ್ವನಿಗೂ ವಾಸನೆ ಇರುತ್ತೆ ಅಂತ ನಾನು ಸ್ನಾತಕೋತ್ತರ ಮಟ್ಟದಲ್ಲಿ ಕಲಿತೆ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಸುಂದರವಾದ ಹೆಸರು. ಆಕಾಶದಿಂದ ಬರುವ ಮಾತಿಗೆ ಯಾವ ಕೇರಿಯೂ ಇರುವುದಿಲ್ಲ ಎಂಬ ನಂಬಿಕೆ ಅದರೊಳಗಿದೆ. ಮನಶ್ಶಾಸ್ತ್ರ ಬಲ್ಲ ಪ್ರೊಫೆಸರರು ಕೇಳುವವರ ಮನಸ್ಸಿನ ಬಗ್ಗೆ ಯೋಚಿಸಿಯೇ ಇಟ್ಟಿರಬೇಕು. ಆದರೆ ಕೂಗಿಗೆ ಕೇರಿ ಇದೆ ಎಂದು ತಿಳಿದ ನಮ್ಮಂಥವರಿಗೆ ಆ ಆಕಾಶ ಬಹಳ ಎತ್ತರದಲ್ಲಿ ಕಾಣುತ್ತಿತ್ತು.

ಅಭಿವೃದ್ಧಿ ಸಂವಹನ ಎಂಬ ಪತ್ರಿಕೆಯಲ್ಲಿ ಎವರೆಟ್ ರೋಜರ್ಸ್‌ನ ಪಾಠ. ಹೊಸ ಬೀಜ, ಹೊಸ ಗೊಬ್ಬರವನ್ನು ಮೊದಲು ಒಪ್ಪುವವರು, ಆಮೇಲೆ ಒಪ್ಪುವವರು ಎಂದು ವಿಂಗಡಿಸಿ, ಕೊನೆಯವರಿಗೆ 1962ರ ಆ ಪುಸ್ತಕ ಕೊಟ್ಟ ಹೆಸರು ಲ್ಯಾಗರ್ಡ್ಸ್, ಅಂದರೆ ಹಿಂದೆ ಬಿದ್ದವರು. ನಮ್ಮ ಕೇರಿಯವರು ಇಂಡಾಫ್ ರಾಗಿ ಬಿತ್ತಲಿಲ್ಲ ನಿಜ. ಬಿತ್ತೋಕೆ ಹೊಲ ಇರಲಿಲ್ಲ. ಹೊಲ ಇಲ್ಲದವನನ್ನು ಹೊಸತಿಗೆ ಹೆದರುವವನು ಎಂದು ಕರೆಯುವ ಶಾಸ್ತ್ರವನ್ನು ಕಂಠಪಾಠ ಮಾಡಿ ನಾನು ಅರವತ್ತೆರಡು ಅಂಕ ತೆಗೆದೆ. ಈ ಮಾದರಿಯ ಕಾಲ ಮುಗಿಯಿತು ಎಂದು ರೋಜರ್ಸ್ ತಾನೇ 1976ರಲ್ಲಿ ಬರೆದದ್ದು ನನಗೆ ಗೊತ್ತಾದದ್ದು ಕೋರ್ಸು ಮುಗಿದ ಮೇಲೆ. ಅವನು ಬಿಟ್ಟ ಮೇಲೂ ನಾವು ಬಿಟ್ಟಿರಲಿಲ್ಲ.

ಎರಡನೇ ವರ್ಷದ ಪ್ರಬಂಧಕ್ಕೆ ನಾನು ಕೊಟ್ಟ ವಿಷಯ, ತುಮಕೂರು ಸೀಮೆಯ ತೋಟಿಗಳು ಸುದ್ದಿ ಒಯ್ಯುತ್ತಿದ್ದ ಬಗೆ. ಹಿಂದಕ್ಕೆ ಬಂತು. ಇದು ಜಾನಪದ, ಸಂವಹನವಲ್ಲ ಎಂದು ಷರಾ. ಮೊದಲು ಸಿಟ್ಟು ಬಂತು, ಆಮೇಲೆ ಯೋಚನೆ ಬಂತು. ಗೌಡರು ಕಳಿಸಿದ ಕಾಗದ ಇತಿಹಾಸವಾಗುತ್ತೆ, ಅದನ್ನು ಒಯ್ದ ಕಾಲು ಜಾನಪದವಾಗುತ್ತೆ. ಕಲೆ ಎಂದು ಮೆಚ್ಚಿ ಮ್ಯೂಸಿಯಮ್ಮಿನಲ್ಲಿ ತಮಟೆ ತೂಗುಹಾಕಿದರೆ ಅದನ್ನು ಬಡಿದವನಿಗೆ ಕೂಲಿ ಎಷ್ಟು ಕೊಟ್ಟಿರಿ ಎಂಬ ಪ್ರಶ್ನೆ ಬರುವುದಿಲ್ಲ. ನಮ್ಮ ವಿಮರ್ಶೆಯೂ ದಲಿತರ ಮೌಖಿಕ ಪರಂಪರೆ ಎಂದು ಸಂಭ್ರಮಿಸುವಾಗ ಈ ಷರಾವನ್ನೇ ಬೇರೆ ಶಾಯಿಯಲ್ಲಿ ಬರೆಯುತ್ತಿದೆಯೇನೋ ಎಂಬ ಅನುಮಾನ ನನಗಿದೆ. ಮೌಖಿಕ ಅನ್ನೋದು ಎಲ್ಲ ಕಡೆ ಆಯ್ಕೆಯಾಗಿರಲಿಲ್ಲ. ಬರಹ ಮುಟ್ಟಬೇಡ ಅಂದದ್ದರಿಂದ ಉಳಿದದ್ದು ಬಾಯಿ. ಕೊನೆಗೆ ಒಂದು ದಿನಪತ್ರಿಕೆಯ ಕೃಷಿ ಪುಟದ ಮೇಲೆ ಪ್ರಬಂಧ ಬರೆದು ಪಾಸಾದೆ. ಅದರ ಒಂದು ಸಾಲೂ ಈಗ ನೆನಪಿಲ್ಲ.

ತಮಟೆಯ ಬಗ್ಗೆ ನಮ್ಮಲ್ಲೇ ಜಗಳ ಇತ್ತು. ಎಂಬತ್ತರ ದಶಕದಲ್ಲಿ ಸಂಘರ್ಷ ಸಮಿತಿಯ ಹುಡುಗರು ಊರವರ ಹೆಣಕ್ಕೆ, ಜಾತ್ರೆಗೆ ತಮಟೆ ಬಡಿಯಬೇಡಿ ಅಂದರು. ಹಲವು ಕೇರಿಗಳು ನಿಲ್ಲಿಸಿದವು, ನಿಲ್ಲಿಸಿದ್ದಕ್ಕೆ ಬಹಿಷ್ಕಾರವನ್ನೂ ಉಂಡವು. ಅದೇ ಹುಡುಗರು ಅದೇ ತಮಟೆ ಹಿಡಿದು ಧರಣಿಗೆ ಹೋದರು. ತಾತನಿಗೆ ಇದು ಅರ್ಥವಾಗಲಿಲ್ಲ. "ಬಡೀಬ್ಯಾಡಿ ಅಂತೀರ, ನೀವೇ ಬಡೀತೀರ" ಅಂದ. "ಅವರಿಗೆ ಬಡೀಬ್ಯಾಡ, ನಮಗೆ ಬಡಿ ತಾತ" ಅಂದೆ. ಅವನು ಸುಮ್ಮನಾದ, ಒಪ್ಪಿದನೋ ಇಲ್ಲವೋ ತಿಳಿಯದು. 1994ರಲ್ಲಿ ಆಂಧ್ರದಲ್ಲಿ ಮಂದ ಕೃಷ್ಣ ಮಾದಿಗರ ಮುಂದಾಳತ್ವದಲ್ಲಿ ಶುರುವಾದ ಒಳಮೀಸಲಾತಿ ಹೋರಾಟಕ್ಕೆ ಜನ ಇಟ್ಟ ಹೆಸರು ದಂಡೋರ. ದಂಡೋರ ಅಂದರೆ ಡಂಗುರವೇ. ಆ ಹೆಸರು ಗಡಿ ದಾಟಿ ನಮ್ಮ ತಾಲ್ಲೂಕುಗಳಿಗೂ ಬಂತು. ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟು ಹೇಳಲು 2024ರ ಆಗಸ್ಟ್ 1ರವರೆಗೆ ಕಾಯಬೇಕಾಯಿತು. ಮೂವತ್ತು ವರ್ಷ ತಮ್ಮದೇ ಸುದ್ದಿಯನ್ನು ಸಾರಿದ್ದಾರೆ.

ಓದಿ ಹೊರಬಂದ ನಮ್ಮವರು ಎಲ್ಲಿಗೆ ಹೋದರು? ನನ್ನ ಹಿಂದೆ ಮುಂದೆ ಓದಿದ ದಲಿತ ಗೆಳೆಯರಲ್ಲಿ ಕೆಲವರು ವಾರ್ತಾ ಇಲಾಖೆಗೆ, ಕೆಲವರು ಕಾಲೇಜಿನ ಪಾಠಕ್ಕೆ, ಒಬ್ಬ ಬ್ಯಾಂಕಿಗೆ. ಮೀಸಲಾತಿ ಇದ್ದಲ್ಲಿಗೆ ಹೋದೆವು. ಪತ್ರಿಕೆಯ ಮೇಜಿಗೆ ಮೀಸಲಾತಿ ಇಲ್ಲ. 1996ರಲ್ಲಿ ವಾಷಿಂಗ್ಟನ್ ಪೋಸ್ಟಿನ ವರದಿಗಾರರೊಬ್ಬರು, ಅವರೂ ಕರಿಯರು, ದೆಹಲಿಯ ಹಿರಿಯ ಪತ್ರಕರ್ತ ಬಿ.ಎನ್. ಉನಿಯಾಲ್‌ರನ್ನು ಒಬ್ಬ ದಲಿತ ಪತ್ರಕರ್ತನ ಗುರುತು ಹೇಳಿ ಎಂದು ಕೇಳಿದರು. ಉನಿಯಾಲ್ ಸರ್ಕಾರದ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿ ತೆಗೆದು ಹುಡುಕಿದರು. 454 ಮಂದಿಯ ಹೆಸರಿನಲ್ಲೇ ಜಾತಿ ಇತ್ತು, ಅದರಲ್ಲಿ ದಲಿತರಿಲ್ಲ. ಉಳಿದವರಲ್ಲಿ 47 ಮಂದಿಯನ್ನು ವಿಚಾರಿಸಿದರು, ಅಲ್ಲೂ ಇಲ್ಲ. 2006ರಲ್ಲಿ ಯೋಗೇಂದ್ರ ಯಾದವ್, ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್ ದೆಹಲಿಯ 37 ಸುದ್ದಿಸಂಸ್ಥೆಗಳ 315 ಮುಖ್ಯ ಸ್ಥಾನಗಳನ್ನು ನೋಡಿದರು, ಒಬ್ಬ ದಲಿತ, ಒಬ್ಬ ಆದಿವಾಸಿ ಇರಲಿಲ್ಲ. 2019ರ ಇನ್ನೊಂದು ಸಮೀಕ್ಷೆ 121 ಮುಂದಾಳು ಹುದ್ದೆಗಳಲ್ಲಿ 106 ಮೇಲ್ಜಾತಿಯವರದು ಅಂದಿತು. ಪರಿಶಿಷ್ಟರ ಲೆಕ್ಕ ಮತ್ತೆ ಸೊನ್ನೆ. ಕನ್ನಡದಲ್ಲಿ 2012ರ ಏಪ್ರಿಲ್ 14ರಂದು 'ಪ್ರಜಾವಾಣಿ' ಇಡೀ ಸಂಚಿಕೆಯನ್ನು ದೇವನೂರ ಮಹಾದೇವರ ಕೈಗೆ ಕೊಟ್ಟಿತು. ಆ ದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದ ಖುಷಿ ಈಗಲೂ ಇದೆ. ಮಾರನೇ ದಿನ ಪತ್ರಿಕೆ ಎಂದಿನಂತೆ ಬಂತು.

ಎಲ್ಲವೂ ಕತ್ತಲೆ ಎಂದರೆ ಸುಳ್ಳಾದೀತು. ತುಮಕೂರಿನಲ್ಲೇ ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ಹಳ್ಳಿಯ ಹೈಸ್ಕೂಲಿನಿಂದ ಶುರು ಮಾಡಿದ ಸಿದ್ಧಾರ್ಥ ಸಂಸ್ಥೆ, ದಲಿತನೊಬ್ಬ ಕಟ್ಟಿದ್ದು, ಇಂದು ಮಾಧ್ಯಮ ಅಧ್ಯಯನದ ಪಾಠ ಹೇಳುತ್ತದೆ, 90.8ರಲ್ಲಿ ಅದರ ಸಮುದಾಯ ಬಾನುಲಿಯೂ ಬಂದಿದೆ. 2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾಲಯ ಬಂತು. ನಮ್ಮ ಹೋಬಳಿಯ ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಪತ್ರಿಕೋದ್ಯಮ ಓದಿ ಸಂಜೆ ಮನೆಗೆ ಬರುತ್ತಾರೆ. ಅವರ ಪಠ್ಯದಲ್ಲೂ ಮೊದಲ ವಾರ ಆ ನಾಲ್ಕು ಚೌಕ ಇದೆ, ನಮ್ಮಣ್ಣನ ಮಗಳ ನೋಟ್‌ಬುಕ್ಕಿನಲ್ಲಿ ನೋಡಿದೆ.

2020ರ ಏಪ್ರಿಲ್, ಕೊರೋನಾ ಲಾಕ್‌ಡೌನ್. ನಾನು ಊರಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮೊಬೈಲು, ಟಿವಿ ಎಲ್ಲ ಇದ್ದರೂ ಹಳ್ಳಿಗಳಲ್ಲಿ ಡಂಗುರ ಮತ್ತೆ ಬಂತು. ಹೊರಗಿನವರನ್ನು ಸೇರಿಸಬೇಡಿ, ಗುಂಪು ಕೂಡಬೇಡಿ, ಮೂಗು ಬಾಯಿ ಮುಚ್ಚಿಕೊಳ್ಳಿ ಅಂತ ಸಾರಬೇಕು. ತಾತನ ತಮ್ಮನ ಮೊಮ್ಮಗನನ್ನು ಕರೆಸಿ ತಮಟೆ ಕೊಟ್ಟರು, ಬಾಯಿಗೆ ಕಟ್ಟಿಕೊಳ್ಳಲು ಏನೂ ಕೊಡಲಿಲ್ಲ. ಹುಡುಗ ಪಿಯುಸಿವರೆಗೆ ಓದಿದ್ದವನು. ಬರೆದುಕೊಟ್ಟ ಚೀಟಿಯನ್ನು ಒಕ್ಕಲಗೇರಿಯಲ್ಲಿ, ಲಿಂಗಾಯತರ ಬೀದಿಯಲ್ಲಿ ಒಂದಕ್ಷರ ತಪ್ಪದೆ ಓದಿ ಹೇಳಿದ. ಪ್ರತಿ ಬೀದಿಯಲ್ಲೂ ಚೀಟಿ ಮುಗಿದ ಮೇಲೆ ಇನ್ನೊಂದು ಸಲ ತಮಟೆ ಬಡಿದು, ಅದೇ ರಾಗದಲ್ಲಿ, "ನಮ್ ಕೇರಿ ನಲ್ಲೀಲಿ ಮೂರ್ ದಿನದಿಂದ ನೀರ್ ಬಂದಿಲ್ಲಪ್ಪೋ, ಕೈ ತೊಳ್ಕೊಳ್ಳಿ ಅಂತೀರಲ್ಲ, ಯಾತರಾಗೆ ತೊಳ್ಕೊಳ್ಳೋದು" ಎಂದು ಸೇರಿಸಿದ. ಕಿಟಕಿಗಳಿಂದ ಜನ ಇಣುಕಿದರು. ನಾನು ಜಗಲಿ ಮೇಲೆ ಕೂತು ಕೇಳಿಸಿಕೊಂಡೆ. ಮಾರನೇ ದಿನ ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂತು. ಸಾರಿದ್ದಕ್ಕೆ ಕೊಡುತ್ತೇವೆಂದಿದ್ದ ಇನ್ನೂರು ರೂಪಾಯಿ ಮಾತ್ರ ಅವನಿಗೆ ಇಂದಿಗೂ ಬಂದಿಲ್ಲ.